ರಾಮತೀರ್ಥ ನಗರದ ಕಡೆಯಿಂದ ಬರ್ರಿ

ಗುರುಪಾದಪ್ಪ ಫೋನಿನಲ್ಲಿ ಬೆಳಗಾವಿ ಎಂಬ ಊರನ್ನು ಹೊಸದಾಗಿ ಕಟ್ಟುತ್ತಿದ್ದ. ಆ ಊರಿನಲ್ಲಿ ಗಟಾರವಿಲ್ಲ, ಅಗೆದು ಬಿಟ್ಟ ರಸ್ತೆಯಿಲ್ಲ, ಬಸ್ಸಿನ ಹಿಂದೆ ಓಡುವ ಜನರಿಲ್ಲ. ಮುಖ್ಯವಾಗಿ, ಆಟೋ ನಗರವೇ ಇಲ್ಲ.

"ಖಾನಾಪುರ ಬಿಟ್ರಿ ಅಂದ್ರ ಸೀದಾ ಉದ್ಯಮಬಾಗ ದಾಟ್ರಿ. ಅಲ್ಲಿ ಆ ಕಡಿ ಈ ಕಡಿ ನೋಡಬ್ಯಾಡ್ರಿ, ಬರೀ ಫ್ಯಾಕ್ಟರಿ ಅದಾವು. ಟಿಳಕವಾಡಿಗೆ ಬಂದ ಮ್ಯಾಲೆ ಕಾಂಗ್ರೆಸ್ ರೋಡ್ ಹಿಡಿದು ಮಿಲಿಟರಿಯವರ ಕ್ಯಾಂಪಿಗೆ ಹೊಳ್ಳರಿ. ಏನ್ ಗಿಡಾರೀ, ಏನ್ ನೆರಳರೀ! ಮಿಲಿಟರಿ ಮಹಾದೇವಗ ಒಂದ್ ಕೈ ಮುಗೀರಿ. ಕೋಟೆ ಕೆರಿ ನೋಡಕೋತ, ನೆಹರು ನಗರದಾಗಿನ ದೊಡ್ಡ ದೊಡ್ಡ ದವಾಖಾನಿ ನೋಡಕೋತ ಹೈವೇ ದಾಟಿ, ರಾಮತೀರ್ಥ ನಗರದ ಕಡೆಯಿಂದ ಬರ್ರಿ. ಮೊಬೈಲ್‌ನಾಗ ಒಬ್ಬಾಕಿ ದಾರಿ ಹೇಳತಾಳಲ್ಲ, ಅಕಿ ಮಾತ್ ಮಾತ್ರ ಕೇಳಬ್ಯಾಡ್ರಿ. ಅಕಿಗೆ ದೂರ ಹತ್ತಿರ ಅಷ್ಟ ಗೊತ್ತು. ಚಲೋದು ಕೆಟ್ಟದ್ದು ಗೊತ್ತಿಲ್ಲ."

ಅಡಿಗೆಮನೆಯ ಹೊಸ್ತಿಲಲ್ಲಿ ಶೇಂಗಾ ಹಸನು ಮಾಡುತ್ತಿದ್ದ ಸಪ್ನಾ ತಲೆ ಎತ್ತಲಿಲ್ಲ. ಸೋದರಮಾವ ಹೇಳುತ್ತಿದ್ದ ದಾರಿಯಲ್ಲಿ ಬಂದರೆ ಅವಳನ್ನು ನೋಡಲು ಬರುವ ಖಾನಾಪುರದವರು ಅರ್ಧ ಊರು ಸುತ್ತಿ ಮನೆಯ ಬೆನ್ನ ಹಿಂದೆ ಬಂದಿಳಿಯುತ್ತಾರೆ. ನೆಟ್ಟಗಿನ ದಾರಿ ಬೇರೆಯೇ ಇತ್ತು. ಚೆನ್ನಮ್ಮ ವೃತ್ತ, ಮಹಾಂತೇಶ ನಗರ, ಆಮೇಲೆ ಗ್ಯಾರೇಜುಗಳೇ ತುಂಬಿದ ಆಟೋ ನಗರದ ನಡುವೆ ಹಾದು ಮನೆಯ ಬಾಗಿಲು. ಆ ಬಾಗಿಲಿಗೆ ತಾಗಿಯೇ ಅವಳ ಅಪ್ಪ ದುಂಡಪ್ಪನ ಗ್ಯಾರೇಜು. ಲಾರಿಯ ಭಾರ ಹೊರುವ ಉಕ್ಕಿನ ಪಟ್ಟಿಗಳಿಗೆ ಅಲ್ಲಿ ಪಾಟಾ ಅನ್ನುತ್ತಾರೆ. ಮುರಿದ ಪಾಟಾ ಬಿಚ್ಚಿ, ಕಾಸಿ, ಬಡಿದು, ಮತ್ತೆ ಕಟ್ಟುವುದು ದುಂಡಪ್ಪನ ಕೆಲಸ. ಆ ಬಡಿತದ ನಡುವೆಯೇ ಸಪ್ನಾ ಎಂ.ಎ. ಮುಗಿಸಿದ್ದಳು. ಸುತ್ತಿಗೆ ನಿಂತಾಗ ಉಳಿಯುವ ಮೌನವನ್ನು ಊಟದ ಹಾಗೆ ಕಾಯುವುದನ್ನು ಕಲಿತದ್ದೂ ಅಲ್ಲೇ.

ಹೋದ ವರ್ಷ ಸಂಕೇಶ್ವರದಿಂದ ಬಂದವರು ಯಾರನ್ನೂ ಕೇಳದೆ ಕಾಕತಿ ದಾಟಿ ಹೈವೇಯಿಂದ ಸೀದಾ ಇಳಿದಿದ್ದರು. ಹುಡುಗನ ತಾಯಿಯ ರೇಷ್ಮೆ ಸೀರೆಯ ಅಂಚು ಗ್ಯಾರೇಜಿನ ಮುಂದಿನ ಕರಿ ಎಣ್ಣೆಯಲ್ಲಿ ಅದ್ದಿತು. ಆಕೆ ಕುಳಿತಷ್ಟು ಹೊತ್ತೂ ಸಪ್ನಾಳನ್ನು ನೋಡಲಿಲ್ಲ, ಅಂಚನ್ನೇ ನೋಡಿದಳು. ಆಮೇಲೆ ಬಂದ ಸುದ್ದಿ ಇಷ್ಟು: ಕನ್ಯೆ ಅಡ್ಡಿಯಿಲ್ಲ, ಜಾಗ ಸರಿಯಿಲ್ಲ. ಅಂದಿನಿಂದ ಗುರುಪಾದಪ್ಪ ಈ ಮನೆಗೆ ಬರುವವರ ದಾರಿಯನ್ನು ತನ್ನ ಕೈಗೆ ತೆಗೆದುಕೊಂಡಿದ್ದ. ಬೇರೆಯವರು ಮಗಳಿಗೆ ಪೌಡರು ಹಚ್ಚುತ್ತಾರೆ. ಇವನು ಊರಿಗೇ ಹಚ್ಚುತ್ತಿದ್ದ.

"ಮಾಮಾ, ಕ್ಯಾಂಪಿನಾಗಿನ ಗಿಡ ನಮ್ಮ ಮನೀವು ಅಂತನೂ ಹೇಳಿಬಿಡು" ಎಂದಳು ಸಪ್ನಾ.

"ನೀ ಸುಮ್ನಿರವಾ. ಎಂ.ಎ. ಕಲತಾಕಿಗೆ ಗಂಡ ಸಿಗೂದು ಎಷ್ಟು ತ್ರಾಸ ಐತಿ ಗೊತ್ತೈತೇನು?"

ಸುಮ್ಮನಿರುವುದರಲ್ಲಿ ಅವಳಿಗೆ ಈ ಸಲ ಒಂದು ಗುಟ್ಟಿನ ಸುಖವಿತ್ತು. ಖಾನಾಪುರದ ಹುಡುಗ ಬಸವಪ್ರಸಾದ ಕೆಲ ದಿನಗಳ ಹಿಂದೆ ಅವಳಿಗೆ ಫೋನ್ ಮಾಡಿದ್ದ. ಅಪ್ಪನ ಹಂಚು ಸಿಮೆಂಟಿನ ಅಂಗಡಿ ನೋಡಿಕೊಳ್ಳುವ ಹುಡುಗ, ಮಾತು ಕಡಿಮೆ. ಅವನು ಕೇಳದಿದ್ದರೂ ಸಪ್ನಾ ತಾನಾಗಿ ಹೇಳಿದ್ದಳು: "ನಮ್ಮ ಮನಿ ಆಟೋ ನಗರದಾಗ ಐತ್ರಿ. ನಮ್ಮಪ್ಪ ಲಾರಿ ಪಾಟಾ ಕಟ್ಟತಾರ. ನಮ್ಮ ಮಾಮಾ ಇಂಡಸ್ಟ್ರಿ ಗಿಂಡಸ್ಟ್ರಿ ಅಂದ್ರ ನಂಬಬ್ಯಾಡ್ರಿ."

ಆ ಕಡೆಯಿಂದ ಬಹಳ ಹೊತ್ತು ಮಾತು ಬರಲಿಲ್ಲ. ಬೇರೆ ಯಾರಾದರೂ ಆಗಿದ್ದರೆ ಅಯ್ಯೋ ಅದಕ್ಕೇನಂತ ಎಂದು ದೊಡ್ಡತನ ತೋರಿಸುತ್ತಿದ್ದರು. ಇವನು "ಹೂಂರಿ" ಎಂದ. ಅಷ್ಟೇ. ಆ 'ಹೂಂ'ನ ಹಿಂದಿನ ಮೌನ ಸಪ್ನಾಳಿಗೆ ಬಹಳ ಹಿಡಿಸಿತು. ಕೇಳಿದ್ದನ್ನು ಮೊದಲು ಒಳಗೆ ಇಳಿಸಿಕೊಳ್ಳುವ ಮನುಷ್ಯ ಎಂದುಕೊಂಡಳು. ಮದುವೆಯಾದರೆ ಇಂಥವನನ್ನೇ ಎಂಬಲ್ಲಿಯವರೆಗೂ ಅವಳ ಮನಸ್ಸು ಹೋಗಿತ್ತು. ಹಾಗಾಗಿ ಮಾವ ಫೋನಿನಲ್ಲಿ ಕೋಟೆ ಕೆರೆಯನ್ನು ಹೊಗಳಿದಷ್ಟೂ ಅವಳಿಗೆ ಒಳಗೊಳಗೇ ನಗು. ಗೊತ್ತಿದ್ದೇ ಬರುವವನಿಗೆ ಏನು ಮುಚ್ಚುತ್ತೀ? ಅವನು ನೆಟ್ಟಗಿನ ದಾರಿಯಲ್ಲೇ ಬರುತ್ತಾನೆ, ಬೇಕಾದರೆ ನೋಡು.

ಗುರುವಾರ ರಾತ್ರಿ ಊಟಕ್ಕೆ ಕುಳಿತಾಗ ದುಂಡಪ್ಪ ನಗುತ್ತ ಒಂದು ಮಾತು ಹೇಳಿದ. "ಇವತ್ತೊಬ್ಬಾವ ಪಿಕಪ್ ಗಾಡಿ ತಂದಿದ್ದ. ಪಾಟಾ ಸಪ್ಪಳ ಮಾಡತೈತಿ ಅಂದ. ನೋಡಿದ್ರ ಪಾಟಾಕ್ಕ ಏನೂ ಆಗಿಲ್ಲ. ಆದರೂ ಬಿಚ್ಚಿ ನೋಡ್ರಿ ಅಂತ ಕುಂತ. ಚಹಾ ಕುಡದ. ಮನಿ ಸ್ವಂತದ್ದೇನು, ಮಕ್ಕಳೆಷ್ಟು ಅಂತ ಕೇಳಿದ. ಕೈ ತೊಳಕೊಂಡು ಹೋದ. ಕೆಲಸಿಲ್ಲದಾವ."

ಚಂದ್ರವ್ವ, "ನಿಮ್ಮ ಕೈಲೆ ಚಹಾ ಕುಡಿಯಾಕ ಬಂದಿದ್ದ ಬಿಡ್ರಿ" ಎಂದು ಗಂಡನಿಗೆ ಇನ್ನೊಂದು ರೊಟ್ಟಿ ನೀಡಿದಳು. ಮಾತು ಅಲ್ಲಿಗೆ ಮುಗಿಯಿತು.

ರವಿವಾರ ಮುಂಜಾನೆಯೇ ಗುರುಪಾದಪ್ಪ ಲಾರಿಗೆ ಹೊದಿಸುವ ದೊಡ್ಡ ತಾಡಪತ್ರಿಯೊಂದನ್ನು ತಂದು ಗ್ಯಾರೇಜಿಗೆ ಅಡ್ಡ ಕಟ್ಟಿಸಿದ. ದುಂಡಪ್ಪ ನಳದ ಕೆಳಗೆ ಕುಳಿತು ಸೋಪಿನ ಪುಡಿಯಿಂದ ಉಗುರು ತಿಕ್ಕಿದ, ಮತ್ತೆ ತಿಕ್ಕಿದ. ಉಗುರಿನ ಸಂದಿಯ ಕಪ್ಪು ಹೋಗಲಿಲ್ಲ. ಬಾಜು ಟೈರಿನ ಅಂಗಡಿಯ ಕಾಸಿಮಸಾಬ ಇದನ್ನೆಲ್ಲ ನೋಡುತ್ತ ನಿಂತಿದ್ದ.

"ಗುರುಪಾದಪ್ಪನವರ, ನನ್ನ ಅಂಗಡಿಗೂ ಹಾಕ್ತೀರೇನ್ರಿ ತಾಡಪತ್ರಿ?"

"ಒಂದ್ ತಾಸು ಬಾಗಲಾ ಮುಚ್ಚು ಸಾಬಾ, ನಿನಗ ಪುಣ್ಯ ಬರತೈತಿ."

"ಬಾಗಲಾ ಮುಚ್ಚೇನು." ಕಾಸಿಮಸಾಬ ತನ್ನ ಮುಖ ತೋರಿಸಿದ. "ಈ ಮಾರಿಗೆ ಏನ್ ಮಾಡ್ಲಿ? ಅದಕ್ಕೂ ಒಂದ್ ತುಂಡ್ ಕೊಡ್ರಿ."

ಸಪ್ನಾಳಿಗೆ ನಗು ಬಂತು. ಅಪ್ಪನ ಕಡೆ ನೋಡಿದಳು, ನಗು ನಿಂತಿತು. ಇಸ್ತ್ರಿ ಮಾಡಿದ ಬಿಳಿ ಅಂಗಿಯಲ್ಲಿ ದುಂಡಪ್ಪ ಬೇರೆ ಯಾರದೋ ಮನೆಗೆ ಬಂದವನಂತೆ ಗೋಡೆಗೆ ಒರಗದೆ ನಿಂತಿದ್ದ.

ಖಾನಾಪುರದವರ ಫೋನು ಬಂದಾಗ ಅವರು ಕೋಟೆಯ ಬಾಗಿಲಲ್ಲಿದ್ದರು. ಗುರುಪಾದಪ್ಪ ಅಂಗಳದಲ್ಲಿ ಕೈ ಬೀಸಿ ಬೀಸಿ ದಾರಿ ಹೇಳಿದ, ಅವರು ಆ ಕೈಯನ್ನು ನೋಡುತ್ತಿದ್ದಾರೆ ಎಂಬಂತೆ. ಮತ್ತೊಮ್ಮೆ ಫೋನು ಬಂದಾಗ ದವಾಖಾನೆಯ ಹತ್ತಿರ ಗಾಡಿಗಳ ಸಾಲಿನಲ್ಲಿ ಸಿಕ್ಕಿಕೊಂಡಿದ್ದರು. ಸಪ್ನಾ ಕಿಟಕಿಯಲ್ಲಿ ನಿಂತು ಆಟೋ ನಗರದ ಕಡೆಯ ರಸ್ತೆಯನ್ನೇ ನೋಡುತ್ತಿದ್ದಳು. ಗಾಡಿ ಬಂದು ನಿಂತ ಸದ್ದು ಕೇಳಿದ್ದು ಮನೆಯ ಹಿಂದಿನಿಂದ. ರಾಮತೀರ್ಥ ನಗರದ ಕಡೆಯಿಂದ.

ಇರಲಿ, ಗಾಡಿ ಹೊಡೆದವರು ಬೇರೆ ಯಾರೋ ಇರಬೇಕು ಎಂದು ಸಮಾಧಾನ ಹೇಳಿಕೊಂಡಳು.

ಹುಡುಗನ ಅಪ್ಪ ಬಂಡೆಪ್ಪ ಒಳಗೆ ಬಂದವನೇ ಟವೆಲಿನಿಂದ ಕುತ್ತಿಗೆ ಒರೆಸಿಕೊಂಡ. "ಏನ್ ಊರ್ರೀ ಮಾರಾಯರ ನಿಮ್ದು! ಒಂದ್ ಸರ್ಕಲ್ ಮುಗೀತು ಅಂದ್ರ ಇನ್ನೊಂದ್ ಸರ್ಕಲ್. ಇಷ್ಟು ತಿರುಗಿದ್ರ ನಾವು ಜಾಂಬೋಟಿ ದಾಟಿ ಗೋವಾದಾಗ ಮೀನ ಮಾರಾಟ ನೋಡತಿದ್ವಿ."

"ದೊಡ್ಡ ಊರ್ರೀ, ತಿರುಗಾಕ ಬೇಕು" ಎಂದ ಗುರುಪಾದಪ್ಪ, ಊರನ್ನು ಅವನೇ ಹೆತ್ತವನಂತೆ. "ಕುಂದರ್ರಿ, ಕುಂದರ್ರಿ. ಕ್ಯಾಂಪ್ ಹೆಂಗನಿಸ್ತು?"

ಹುಡುಗನ ತಾಯಿ ಅಕ್ಕವ್ವ ಮಾತ್ರ ಮೂಗು ಅರಳಿಸಿ ಗಾಳಿಯನ್ನು ಪರೀಕ್ಷಿಸಿದಳು. ಆಮೇಲೆ ದುಂಡಪ್ಪನ ಕಡೆ ತಿರುಗಿ ಮೆತ್ತಗೆ ಕೇಳಿದಳು, "ಯಜಮಾನ್ರ ಇಂಡಸ್ಟ್ರಿ ಯಾವ ಕಡಿ ಬರತೈತ್ರಿ?"

ದುಂಡಪ್ಪ ಬಾಯಿ ತೆರೆದ. "ಅದು ಸ್ವಲ್ಪ ಆ ಕಡಿ ಐತ್ರಿ" ಎಂದು ಗುರುಪಾದಪ್ಪ ದೂರದ ಕನಬರ್ಗಿ ಗುಡ್ಡದತ್ತ ಕೈ ತೋರಿಸಿದ. ಇಂಡಸ್ಟ್ರಿ ಅಕ್ಕವ್ವ ಒರಗಿದ್ದ ಗೋಡೆಯ ಆಚೆಗೇ ಇತ್ತು. ದುಂಡಪ್ಪ ತೆರೆದ ಬಾಯಿ ಮುಚ್ಚಿ ಕೈಗಳನ್ನು ಮಂಡಿಯ ಕೆಳಗೆ ಸೇರಿಸಿಕೊಂಡ.

ಸಪ್ನಾ ಅವಲಕ್ಕಿಯ ತಾಟು ತಂದಿಟ್ಟು ಬಸವಪ್ರಸಾದನ ಮುಖ ನೋಡಿದಳು. ಈಗ ಹೇಳುತ್ತಾನೆ ಎಂದುಕೊಂಡಳು. ಅವನು ತಾಟಿನಲ್ಲಿದ್ದ ಶೇಂಗಾ ಆರಿಸುತ್ತಿದ್ದ.

"ಗಾಡಿ ಹೊಡೆಯೋರು ಹೊರಗ ಉಳಿದ್ರಲ್ಲ" ಎಂದಳು ಚಂದ್ರವ್ವ.

"ಇರ್ಲಿ ಬಿಡ್ರಿ" ಅಕ್ಕವ್ವ ತಟ್ಟನೆ ಅಂದಳು. "ಅವ ನನ್ನ ತಮ್ಮ ಮುತ್ತಪ್ಪ. ಗಾಡಿ ಕಾಯಕೋತ ಕುಂದರತಾನ."

"ಅಯ್ಯ, ತಮ್ಮ ಅಂದ ಮ್ಯಾಲೆ ಹೊರಗ ಹೆಂಗ್ರೀ?" ಚಂದ್ರವ್ವ ಎದ್ದು ಹೋಗಿ ಕರೆದೇ ತಂದಳು. ಮುತ್ತಪ್ಪ ತಲೆಗೆ ಟವೆಲು ಸುತ್ತಿ, ಅರ್ಧ ಮುಖ ಮುಚ್ಚಿಕೊಂಡು, ದುಂಡಪ್ಪನಿಗೆ ಬೆನ್ನು ಕೊಟ್ಟು ಮೂಲೆಯಲ್ಲಿ ಕುಳಿತ. ಗಬಗಬನೆ ತಿಂದು ಎದ್ದ. "ಕೈ ತೊಳಕೋತೇನ್ರಿ" ಎಂದವನು, ಚಂದ್ರವ್ವ ಬಚ್ಚಲು ತೋರಿಸುವ ಮೊದಲೇ, ಬಾಜು ಬಾಗಿಲಿನಿಂದ ಹೊರಬಿದ್ದ. ಒಂದು ಕೈಯಿಂದ ತಾಡಪತ್ರಿ ಎತ್ತಿ ಒಳನುಸುಳಿದ. ಗೋಡೆಯ ಮೂಲೆಯ ನಳ ಬಿಟ್ಟ. ಮೇಲಿನ ಗೂಡಿನಲ್ಲಿದ್ದ ಸೋಪಿನ ಪುಡಿಯ ಡಬ್ಬಿಗೆ ನೋಡದೆಯೇ ಕೈ ಹಾಕಿದ.

ಅತಿಥಿಗೆ ಒರೆಸಿಕೊಳ್ಳಲು ಟವೆಲು ಹಿಡಿದು ಹಿಂದೆಯೇ ಹೋದ ದುಂಡಪ್ಪ ಅಲ್ಲೇ ನಿಂತ. ಆಮೇಲೆ, ಗಿರಾಕಿಯನ್ನು ಕೇಳುವ ಅದೇ ಕಾಳಜಿಯಿಂದ ಕೇಳಿದ, "ಪಾಟಾ ಹೆಂಗ ಐತ್ರಿ ಈಗ? ಸಪ್ಪಳ ನಿಂತೇನು?"

ಬಾಗಿಲು ತೆರೆದಿತ್ತು. ಮಾತು ಒಳಗಿದ್ದ ಎಲ್ಲರಿಗೂ ಕೇಳಿಸಿತು. ನಳದ ನೀರು ಸುರಿಯುತ್ತಲೇ ಇತ್ತು.

ಮೊದಲು ನಕ್ಕವನು ಬಂಡೆಪ್ಪ. "ಸಿಕ್ಕೊಂಡಿ ನೋಡಲೇ ಮುತ್ತಪ್ಪಾ! ತಪ್ಪು ತಿಳಕೋಬ್ಯಾಡ್ರಿ ಗುರುಪಾದಪ್ಪನವರ. ಹೆಣ್ಣು ತರೂಕಿಂತ ಮೊದಲ ಒಂದ್ ಮಾತ್ ವಿಚಾರ ಮಾಡೂದು ಪದ್ಧತಿ ಅಲ್ಲೇನ್ರಿ?"

"ಹೌದ್ರೀ, ಖರೇ. ಪದ್ಧತಿನ ಅದು" ಎಂದ ಗುರುಪಾದಪ್ಪ. ಎರಡು ಉಸಿರಿನಲ್ಲಿ ಅವನ ಮುಖದ ಬಣ್ಣ ಮರಳಿ ಬಂದಿತ್ತು.

"ನಮಗ ಎಲ್ಲಾ ಗೊತ್ತಿತ್ರಿ. ಆದರೂ ನಿಮ್ಮ ಮರ್ಯಾದಿ ಉಳೀಲಿ ಅಂತ ನೀವು ಹೇಳಿದ ದಾರೀಲೇ ಸುತ್ತಿ ಬಂದೇವಿ."

"ದೊಡ್ಡ ಮನಸ್ರೀ ನಿಮ್ದು!"

ಕಳ್ಳರಿಬ್ಬರು ಒಂದೇ ಗೋಡೆಯ ಎರಡು ಕಡೆಯಿಂದ ಕನ್ನ ಕೊರೆದು ನಡುವೆ ಭೇಟಿಯಾದಂತೆ ಅವರು ಒಬ್ಬರನ್ನೊಬ್ಬರು ಮೆಚ್ಚಿಕೊಂಡರು. ಚಹಾ ಇನ್ನೊಂದು ಸುತ್ತು ಬರಲಿ ಎಂದರು. ಅಕ್ಕವ್ವ ಸೆರಗು ಸರಿಪಡಿಸಿಕೊಂಡು ಮಾತಿಗೆ ಕುಳಿತಳು. ಹುಡುಗಿ ಒಪ್ಪಿಗೆ. ಗ್ಯಾರೇಜಿನ ಬಗ್ಗೆ ತಮಗೇನೂ ಅನಿಸುವುದಿಲ್ಲ. ಆದರೆ ಬೀಗರು ನೆಂಟರು ಬರುವಾಗ ಇದೇ ತಾಡಪತ್ರಿ ಇರಲಿ, ಇದೇ ದಾರಿ ಇರಲಿ. "ಯಾರಾದ್ರೂ ಕೇಳಿದ್ರ ಯಜಮಾನ್ರು ಹಿಂಗ ಸುಮ್ನ ಕುಂತ್ರ ಸಾಕ್ರಿ. ಮಾತು ಗುರುಪಾದಪ್ಪನವರು ಆಡತಾರ."

ದುಂಡಪ್ಪ ಬಾಗಿಲಲ್ಲಿ ಟವೆಲು ಹಿಡಿದುಕೊಂಡೇ ನಿಂತಿದ್ದ. ಎಲ್ಲ ಗೊತ್ತಿದ್ದೂ ಇಂಡಸ್ಟ್ರಿ ಯಾವ ಕಡೆ ಎಂದು ಅಕ್ಕವ್ವ ಅಪ್ಪನನ್ನು ಕೇಳಿದ್ದಳು. ಅವನು ಹೇಗೆ ತಡವರಿಸುತ್ತಾನೆ ನೋಡೋಣವೆಂದು ಕೇಳಿದ್ದಳು. ಇದು ಸಪ್ನಾಳಿಗೆ ಈಗ ಹೊಳೆಯಿತು.

ಅವಳು ಬಸವಪ್ರಸಾದನ ಎದುರಿಗೆ ಬಂದು ನಿಂತಳು. "ನಾ ಫೋನಿನಾಗ ಹೇಳಿದ್ದು ನಿಮಗ ಸಾಲಲಿಲ್ಲೇನ್ರಿ?"

ಗುರುಪಾದಪ್ಪನ ಬಾಯಿಯಲ್ಲಿದ್ದ ಚಹಾ ಅಲ್ಲೇ ಉಳಿಯಿತು. ಬಸವಪ್ರಸಾದ ಅವ್ವನ ಕಡೆ ನೋಡಿದ.

"ನನ್ನ ಕಡಿ ನೋಡ್ರಿ. ಮುತ್ತಪ್ಪನವರು ಬರೂದು ನಿಮಗ ಗೊತ್ತಿತ್ತೇನು?"

"ಅವ್ವ ಕೇಳಿದ್ಲು, ಹೇಳಿದೆ" ಎಂದ. ತಾಟು ಬದಿಗೆ ಸರಿಸಿ, "ಪಿಕಪ್ ನಾನ ಕೊಟ್ಟೆ" ಎಂದ.

"ನಮ್ಮಪ್ಪ ಇಷ್ಟೊತ್ತು ಇಲ್ಲಿ ಕುಂತಿದ್ರಲ್ಲ. ಅವರ ಮುಂದ ಒಂದ್ ಮಾತ್ ಅನ್ನಬೇಕು ಅನಿಸಲಿಲ್ಲೇನು?"

ಅವನು ಸುಮ್ಮನಾದ. ಫೋನಿನಲ್ಲಿ ಕೇಳಿದ ಅದೇ ಮೌನ, ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲ. ಅದರೊಳಗೆ ಇಳಿಸಿಕೊಂಡದ್ದು ಏನೂ ಇರಲಿಲ್ಲ. ಅವ್ವನಿಗೆ ಏನು ಹೇಳಬೇಕೆಂದು ಯೋಚಿಸುವ ಹುಡುಗನೊಬ್ಬ ಇದ್ದ, ಅಷ್ಟೇ. ಮಾವ ಫೋನಿನಲ್ಲಿ ಇಲ್ಲದ ಊರು ಕಟ್ಟಿದ್ದಕ್ಕೆ ನಕ್ಕಿದ್ದಳು. ಅದೇ ಫೋನಿನಲ್ಲಿ, ಒಂದು 'ಹೂಂ'ನ ಮೇಲೆ, ತಾನು ಇಲ್ಲದ ಮನುಷ್ಯನನ್ನು ಕಟ್ಟಿದ್ದಳು. ಮಾವನ ಊರಿನಲ್ಲಿ ಕಡೆಗೆ ಮರಗಳಾದರೂ ನಿಜವಿದ್ದವು.

"ಏನವಾ ಇದು, ದೊಡ್ಡವರು ಮಾತಾಡುವಾಗ..." ಎಂದು ಅಕ್ಕವ್ವ ಎದ್ದಳು. ಎದ್ದವಳನ್ನು ಯಾರೂ ಕುಳ್ಳಿರಿಸಲಿಲ್ಲ. ಬಂಡೆಪ್ಪನೂ ಎದ್ದ, ನಗು ಇನ್ನೂ ಪೂರ್ತಿ ಇಳಿದಿರಲಿಲ್ಲ.

ಗುರುಪಾದಪ್ಪ ಬಾಗಿಲವರೆಗೆ ಓಡಿದ. ಅಂಥ ಹೊತ್ತಿನಲ್ಲೂ ಅವನ ಬಾಯಿಗೆ ಬಂದದ್ದು ದಾರಿಯೇ. "ಸಿಟ್ಟಾಗಬ್ಯಾಡ್ರಿ, ನಾ ಫೋನ್ ಮಾಡತೇನ್ರಿ. ಹೋಗುವಾಗ ಹಿಂಗ ರಾಮತೀರ್ಥ ನಗರದ ಕಡಿ ಹೊಳ್ಳಿ, ಹೈವೇ ಹತ್ತಿ..."

"ಬ್ಯಾಡ ಮಾಮಾ" ಎಂದಳು ಸಪ್ನಾ. ಹೊರಗೆ ಹೋಗಿ ತಾಡಪತ್ರಿಯ ಹಗ್ಗ ಜಗ್ಗಿದಳು. ಒಂದು ಬದಿ ಬಿತ್ತು. ಇನ್ನೊಂದು ಬದಿಯ ಗಂಟು ಬಿಗಿಯಾಗಿತ್ತು. ದುಂಡಪ್ಪ ಬಂದು ಟವೆಲು ಹೆಗಲಿಗೆ ಹಾಕಿ, ಉಗುರಿನಿಂದ ಅದನ್ನು ಬಿಚ್ಚಿದ. ತಾಡಪತ್ರಿ ಕರಿ ಎಣ್ಣೆಯ ಮೇಲೆ ಬಿದ್ದು ಮಡಚಿಕೊಂಡಿತು. ಕುಲುಮೆ, ಅಡ್ಡ ಬಿದ್ದ ಪಾಟಾಗಳು, ಕರಿ ಗೋಡೆ, ಎಲ್ಲ ಬಿಸಿಲಿಗೆ ಬಂದವು. ಆಚೆ ಕಾಸಿಮಸಾಬ ಅಂಗಡಿಯ ಬಾಗಿಲನ್ನು ಅರ್ಧ ಎತ್ತಿ ಮುಖ ಹೊರಹಾಕಿದ.

"ಹೋಗುವಾಗ ಹಿಂಗ ಹೋಗ್ರಿ" ಎಂದು ಸಪ್ನಾ ಆಟೋ ನಗರದ ಕಡೆ ತೋರಿಸಿದಳು. "ಹತ್ತಿರ ಆಗತೈತಿ. ಮುತ್ತಪ್ಪನವರಿಗೆ ಗೊತ್ತೈತಿ ದಾರಿ. ಮತ್ತೊಮ್ಮೆ ಯಾರನ್ನೂ ಕೇಳೂ ಪ್ರಸಂಗ ನಿಮಗ ಬರಂಗಿಲ್ಲ."

ಅಕ್ಕವ್ವ ಸೀರೆಯ ಅಂಚು ಎರಡೂ ಕೈಯಿಂದ ಎತ್ತಿ ಹಿಡಿದು ಗಾಡಿ ಹತ್ತಿದಳು. ಬಸವಪ್ರಸಾದ ಏನೋ ಹೇಳುವವನಂತೆ ಒಮ್ಮೆ ನಿಂತ. ಸಪ್ನಾ ಕಾಯಲಿಲ್ಲ. ಅವಳು ಬಗ್ಗಿ ತಾಡಪತ್ರಿಯ ಒಂದು ತುದಿ ಹಿಡಿದಿದ್ದಳು, ಇನ್ನೊಂದು ತುದಿ ಅಪ್ಪನ ಕೈಯಲ್ಲಿತ್ತು.

ಗಾಡಿ ಹೊರಟಿತು. ದಾರಿ ಕವಲೊಡೆಯುವಲ್ಲಿ ಮುತ್ತಪ್ಪ ನಿಲ್ಲಿಸಲಿಲ್ಲ, ಯಾರನ್ನೂ ಕೇಳಲಿಲ್ಲ. ಆಟೋ ನಗರದ ಕಡೆಗೆ ಹೊರಳಿಸಿದ.