ಕೈವಾರದ ಒಂದು ಕಾಲು ಕೆಳಗೆ

ಶೀಲ್ಡುಗಳ ಮೇಲೆ, ಬಾಗಿಲ ಫಲಕಗಳ ಮೇಲೆ ಹೆಸರು ಕೆತ್ತಿಕೊಡುವ ಆ ಅಂಗಡಿಯಾಕೆಯನ್ನು ಬೀದಿಯವರೆಲ್ಲ ಭೂತಗನ್ನಡಿ ಎಂದೇ ಕರೆಯುತ್ತಿದ್ದರು. ಬೆನ್ನ ಹಿಂದಲ್ಲ, ಎದುರಿಗೇ ಕರೆಯುತ್ತಿದ್ದರು, ಆಕೆಯೂ ಓಗೊಡುತ್ತಿದ್ದಳು. ಕುತ್ತಿಗೆಗೆ ದಾರ ಕಟ್ಟಿ ನೇತುಹಾಕಿಕೊಂಡ ಆ ಗಾಜಿಲ್ಲದೆ ಆಕೆಯನ್ನು ಕಂಡವರೇ ಇಲ್ಲ. ವಯಸ್ಸು ಐವತ್ತೆಂಟು, ಬಾಯಿ ಸ್ವಲ್ಪ ಜೋರು, ಮದುವೆಯ ಗೋಜಿಗೆ ಹೋದವಳಲ್ಲ. ಹೋಗಿದ್ದರೆ, ಬ್ರಿಟಿಷರ ಕಾಲದ ಫ್ರೀಮೇಸನ್ ಪದಕಗಳಿಗಾಗಿ ಇಪ್ಪತ್ತೆರಡು ವರ್ಷ ಗುಜರಿ ಅಂಗಡಿ ಸುತ್ತುವುದಕ್ಕೆ ಯಾವ ಗಂಡ ಬಿಡುತ್ತಿದ್ದ ಹೇಳಿ.

ಸುತ್ತಿದ್ದು ಸುಮ್ಮನಲ್ಲ. ಫ್ರೀಮೇಸನ್ನರೆಂಬ ಗುಟ್ಟಿನ ಸಂಘದವರು ಸಭೆ ಸೇರುತ್ತಿದ್ದ ಲಾಡ್ಜಿಗೆ ಪದಕ ಮಾಡಿಕೊಡುತ್ತಿದ್ದವರು ನಿಮ್ಮ ತಾತನೇ ಎಂದು ಅವಳ ಅಪ್ಪ ಸಾಯುವವರೆಗೂ ಹೇಳುತ್ತಿದ್ದರು. ಯಾರೂ ಅದನ್ನು ಕಿವಿಗೇ ಹಾಕಿಕೊಂಡಿರಲಿಲ್ಲ. ಹಾಕಿಕೊಳ್ಳುವುದಾದರೂ ಹೇಗೆ? ಆ ಪದಕಗಳ ಪೆಟ್ಟಿಗೆ ತೆರೆದರೆ ಮುಚ್ಚಳದೊಳಗೆ ಕಡಲಾಚೆಯ ಕಂಪನಿಯೊಂದರ ಹೆಸರು ಬಂಗಾರದ ಅಕ್ಷರದಲ್ಲಿ ಮೆರೆಯುತ್ತಿತ್ತು. ಪೆಟ್ಟಿಗೆ ಅಲ್ಲಿಂದ ಬಂತು ಕಣಮ್ಮ, ಪದಕ ಇಲ್ಲಿ ಹುಟ್ಟಿತು ಅನ್ನುತ್ತಿದ್ದರು ಅಪ್ಪ. ಆ ಮಾತಿಗೆ ಸಾಕ್ಷಿ ಹುಡುಕುತ್ತ ಹುಡುಕುತ್ತ ಭೂತಗನ್ನಡಿಯ ಬಳಿ ನಲವತ್ತೊಂದು ಪದಕ ಸೇರಿದವು.

ಈಗ ಸಂಗ್ರಾಹಕರ ಸಂಘದವರು ಈ ಪದಕಗಳ ಬಗ್ಗೆ ಒಂದು ದೊಡ್ಡ ಪುಸ್ತಕ ತರುತ್ತಿದ್ದರು. ಫೋಟೋಗಳೆಲ್ಲ ಅವಳವೇ. ಸಂಘದ ಅಧ್ಯಕ್ಷರು ಒಬ್ಬ ನಿವೃತ್ತ ಹಲ್ಲಿನ ಡಾಕ್ಟರು. ಅವರ ಮುತ್ತಾತ ಲಾಡ್ಜಿನ ಮುಖ್ಯಸ್ಥರಾಗಿದ್ದಾಗ ಎದೆಗೆ ಚುಚ್ಚಿಕೊಳ್ಳುತ್ತಿದ್ದ ಬೆಳ್ಳಿ ಪದಕವೇ ಮುಖಪುಟಕ್ಕೆ ಬರುವುದೆಂದು ತೀರ್ಮಾನವಾಗಿತ್ತು. ಫೋಟೋ ತೆಗೆಯಲೆಂದು ಡಾಕ್ಟರು ಅದನ್ನು ಒಂದು ವಾರದ ಮಟ್ಟಿಗೆ ಅವಳ ಕೈಗೆ ಕೊಟ್ಟರು.

ಮೊದಲ ದಿನವೇ ಅವಳು ಗಾಜು ಹಿಡಿದು ನೋಡಿದಳು. ನೋಡಿದವಳು ಹಾಗೇ ಕುಳಿತುಬಿಟ್ಟಳು.

ಫ್ರೀಮೇಸನ್ನರ ಗುರುತೆಂದರೆ ಗಾರೆಯವರು ಮೂಲೆ ಅಳೆಯುವ ಒಂದು ಮೂಲೆಮಟ್ಟ, ಅದರೊಂದಿಗೆ ಹೆಣೆದುಕೊಂಡ ಒಂದು ಕೈವಾರ. ಲಾಡ್ಜಿಗೆ ಹೊಸದಾಗಿ ಸೇರಿದವನಿಗೆ ಕೈವಾರದ ಎರಡೂ ಕಾಲು ಮೂಲೆಮಟ್ಟದ ಕೆಳಗೆ ಅಡಗಿರಬೇಕು. ಎರಡನೆಯ ಮೆಟ್ಟಿಲಿಗೆ ಒಂದು ಕಾಲು ಮೇಲೆ. ಮೂರೂ ಮೆಟ್ಟಿಲು ಹತ್ತಿದವನಿಗೆ ಎರಡೂ ಕಾಲು ಮೇಲೆ. ಲಾಡ್ಜಿನ ಮುಖ್ಯಸ್ಥರ ಈ ಪದಕದಲ್ಲೋ, ಎಡಗಾಲು ಕೆಳಗೇ ಸಿಕ್ಕಿಕೊಂಡಿತ್ತು! ಅವಳ ನಲವತ್ತೊಂದರಲ್ಲಿ ಹದಿನಾಲ್ಕು ಪದಕಗಳಲ್ಲೂ ಇದೇ ತಪ್ಪಿತ್ತು. ಅದು ತಪ್ಪಲ್ಲ, ಎರಡನೆಯ ಮೆಟ್ಟಿಲಿನವರ ಪದಕ ಇರಬೇಕು ಎಂದು ಇಷ್ಟು ದಿನ ತನಗೆ ತಾನೇ ಸಮಾಧಾನ ಹೇಳಿಕೊಂಡಿದ್ದಳು. ಮುಖ್ಯಸ್ಥರ ಎದೆಯ ಮೇಲೇ ಅದು ಕಂಡ ಮೇಲೆ ಆ ಸಮಾಧಾನ ನಿಲ್ಲಲಿಲ್ಲ.

ಯಾಕೆಂದರೆ ಅವಳ ಕೆಲಸದ ಮೇಜಿನ ಅಡಿಯಲ್ಲಿ, ಮುಖ ಹಲಗೆಯ ಕಡೆ ಮಾಡಿ ಅಪ್ಪ ಮೊಳೆ ಹೊಡೆದಿಟ್ಟ ಒಂದು ಹಿತ್ತಾಳೆ ತಗಡಿತ್ತು. ಬೆಳ್ಳಿ ಮುಟ್ಟುವ ಮೊದಲು ತಾತ ಕೈ ಪಳಗಿಸಿಕೊಂಡ ತಗಡು. ಅಪ್ಪ ಮೊಳೆ ಹೊಡೆಯುವಾಗ ಅವಳು ಕಂಡಿದ್ದಳು, ಅದರಲ್ಲೂ ಎಡಗಾಲು ಕೆಳಗೆ. ಲಾಡ್ಜಿನವರು ತಾತನನ್ನು ಒಳಗೆ ಬಿಟ್ಟವರಲ್ಲ, ಏನು ಕೆತ್ತಬೇಕೆಂದು ಬರೆದ ಒಂದು ಚೀಟಿಯನ್ನು ಜಗಲಿಯ ಕಿಟಕಿಯಿಂದ ಚಾಚುತ್ತಿದ್ದರು, ಅಷ್ಟೆ. ಗುರುತಿನ ಅರ್ಥ ಕೇಳಿದರೆ ಅದು ನಿನಗೆ ಬೇಡ ಅನ್ನುತ್ತಿದ್ದರಂತೆ. ಹನ್ನೊಂದು ವರ್ಷವಾದ ಮೇಲೆ ಬೇರೆ ಲಾಡ್ಜಿನಿಂದ ಬಂದ ಅತಿಥಿಯೊಬ್ಬ ಪದಕ ನೋಡಿ ನಕ್ಕನಂತೆ. ಮಾರನೆಯ ದಿನದಿಂದ ತಾತನಿಗೆ ಆ ಗೇಟೇ ಮುಚ್ಚಿತು. ಆಮೇಲೆ ಅವರು ಬೆಳ್ಳಿ ಮುಟ್ಟಲಿಲ್ಲ.

ಅವಳ ಅಣ್ಣ ನಿವೃತ್ತ ಹೆಡ್‌ಮಾಸ್ಟರು, ಮರ್ಯಾದೆ ಎಂದರೆ ಪ್ರಾಣ. ವಿಷಯ ಕೇಳಿದವನೇ ಬೆವರು ಒರೆಸಿಕೊಂಡ. ಇದನ್ನು ಪುಸ್ತಕದಲ್ಲಿ ಬರೆದರೆ ತಾತ ದಡ್ಡರಾಗಿದ್ದರು ಎಂದು ಊರಿಗೆಲ್ಲ ಡಂಗುರ ಸಾರಿದ ಹಾಗೆ, ಅಪ್ಪ ಆ ತಗಡನ್ನು ಬಚ್ಚಿಟ್ಟಿದ್ದು ಯಾಕೆ ಎಂದುಕೊಂಡೆ ಎಂದು ಕೂಗಾಡಿದ. ಕೊನೆಗೆ ದನಿ ತಗ್ಗಿಸಿದ.

“ಪದಕ ನಿನ್ನ ಕೈಲೇ ಇದೆ. ಎರಡು ಗೆರೆ ಅಳಿಸು, ಎರಡು ಗೆರೆ ಹಾಕು. ಕಾಲು ಮೇಲೆ ಬರುತ್ತೆ. ನಿಂಗೆ ಅರ್ಧ ಗಂಟೆ ಕೆಲಸ ಕಣೇ. ಯಾರಿಗೂ ಗೊತ್ತಾಗಲ್ಲ.”

ಅದು ನಿಜವೂ ಆಗಿತ್ತು. ಅಣ್ಣ ಹೋದ ಮೇಲೆ ಅವಳು ಉಳಿ ತೆಗೆದುಕೊಂಡು ಪದಕವನ್ನು ಚರ್ಮದ ದಿಂಬಿನ ಮೇಲಿಟ್ಟಳು. ಸರಿಮಾಡಿದರೆ ತಾತನ ಮಾನ ಉಳಿಯುತ್ತಿತ್ತು. ಆದರೆ ಈ ಪದಕ ತಾತನದೆಂದು ಹೇಳಲು ಆ ಕಾಲೊಂದು ಬಿಟ್ಟು ಬೇರೇನಿತ್ತು? ಅವಳಿಗೆ ಅಳು ಬಂತು, ಅದಕ್ಕಿಂತ ಹೆಚ್ಚಾಗಿ ಸಿಟ್ಟು ಬಂತು. ಉಳಿ ಕೆಳಗಿಟ್ಟು, ಇಕ್ಕಳ ಹಿಡಿದು ಮೇಜಿನಡಿ ತೂರಿದಳು. ಅಪ್ಪ ಹೊಡೆದಿದ್ದ ಆರೂ ಮೊಳೆಗಳನ್ನು ಕಿತ್ತು ಹಾಕಿದಳು.

ಸಂಘದ ಸಭೆ ಶುಕ್ರವಾರ ಮಧ್ಯಾಹ್ನ, ಗ್ರಂಥಾಲಯದ ಹಿಂದಿನ ಕೋಣೆಯಲ್ಲಿ. ಅಂದೇ ಸಂಜೆ ಪುಸ್ತಕ ಅಚ್ಚಿಗೆ ಹೋಗಬೇಕಿತ್ತು. ಅಣ್ಣನೂ ಬಂದು ಬಾಗಿಲ ಬಳಿಯ ಕುರ್ಚಿಯಲ್ಲಿ ಮುಖ ಗಂಟಿಕ್ಕಿಕೊಂಡು ಕುಳಿತ. ಭೂತಗನ್ನಡಿ ತಗಡನ್ನೂ ಪದಕವನ್ನೂ ಅಕ್ಕಪಕ್ಕ ಇಟ್ಟು ತನ್ನ ಗಾಜನ್ನು ಡಾಕ್ಟರ ಕೈಗೆ ಕೊಟ್ಟಳು. ಜೀವಮಾನವೆಲ್ಲ ಹುಳುಕು ಹುಡುಕಿದ ಕಣ್ಣು ಅವರದು, ತಕ್ಷಣ ಕಂಡಿತು. ಕಂಡದ್ದನ್ನು ಒಪ್ಪಲು ಮಾತ್ರ ತಯಾರಿರಲಿಲ್ಲ. ನಿಮ್ಮ ತಾತ ಕಂಪನಿಯ ಪದಕ ನೋಡಿ ನಕಲು ಮಾಡಿರಬೇಕು ಅಂದರು. ಅವಳು ಚೀಲದಿಂದ ಉಳಿದ ಪದಕಗಳನ್ನು ಸುರಿದಳು. ಹೊರಗಿನಿಂದ ಬಂದ ಇಪ್ಪತ್ತೇಳರಲ್ಲಿ ಒಂದರಲ್ಲೂ ಈ ತಪ್ಪಿಲ್ಲ, ಇರುವ ಹದಿನಾಲ್ಕೂ ಒಂದೇ ಲಾಡ್ಜಿನವು, ಅದೇ ಹನ್ನೊಂದು ವರ್ಷದವು. ಅರ್ಥ ಗೊತ್ತಿದ್ದವರು ಹದಿನೈದು ಸಲ ಹೀಗೆ ತಪ್ಪುತ್ತಾರಾ ಎಂದು ಕೇಳಿದಳು.

ಡಾಕ್ಟರು ಕನ್ನಡಕ ತೆಗೆದು ಒರೆಸಿದರು. ಬೇಕಾದರೆ ಸ್ಥಳೀಯ ಕುಶಲಕರ್ಮಿ ಎಂದು ಹಾಕೋಣ, ಹೆಸರು ಬೇಡ, ಕಾಲಿನ ಮಾತೂ ಬೇಡ, ಎರಡು ಮನೆಯ ಗೌರವವೂ ಉಳಿಯುತ್ತದೆ ಎಂದು ನಯವಾಗಿ ಹೇಳಿದರು.

“ಬೇಡ ಡಾಕ್ಟ್ರೇ. ಹೆಸರೂ ಬೇಕು, ತಪ್ಪೂ ಬೇಕು. ಇಲ್ಲಾಂದ್ರೆ ನನ್ನ ಫೋಟೋ ಒಂದೂ ಸಿಗಲ್ಲ.”

“ತಪ್ಪು ಮಾಡಿದ್ದು ನಿಮ್ಮ ತಾತ. ಅದು ನೆನಪಿರ್ಲಿ, ಅಮ್ಮಾ.”

“ನೆನಪಿದೆ. ಅವರಿಗೆ ಯಾರೂ ಹೇಳಿಕೊಡ್ಲಿಲ್ಲ, ಕೇಳಿದ್ರೆ ಬಾಯಿ ಮುಚ್ಚಿಸಿದ್ರು. ನಿಮ್ಮ ಮುತ್ತಾತಂಗೆ ಎಲ್ಲ ಗೊತ್ತಿತ್ತು. ಕನ್ನಡಿ ಮುಂದೆ ನಿಂತು ಇದನ್ನ ವರ್ಷಗಟ್ಟಲೆ ಎದೆಗೆ ಚುಚ್ಚಿಕೊಂಡ್ರು. ಅವರ ಕಣ್ಣಿಗೇ ಕಾಣ್ಲಿಲ್ಲ. ಯಾರು ತಲೆ ತಗ್ಗಿಸಬೇಕು, ನೀವೇ ಹೇಳಿ.”

ಡಾಕ್ಟರು ಇನ್ನೊಮ್ಮೆ ಗಾಜು ಹಿಡಿದು ನೋಡಿದರು, ಬಹಳ ಹೊತ್ತು ನೋಡಿದರು. ಅಷ್ಟರಲ್ಲಿ ಬಾಗಿಲ ಬಳಿಯಿಂದ ಅಣ್ಣ ಎದ್ದು ಬಂದ. ಇವನು ಇನ್ನೇನು ಎಡವಟ್ಟು ಮಾಡುತ್ತಾನೋ ಅಂದುಕೊಂಡಳು ಅವಳು. ಅಣ್ಣ ಜೇಬಿನಿಂದ ತನ್ನ ಪೆನ್ನು ತೆಗೆದು, ಮುಚ್ಚಳ ಬಿಚ್ಚಿ ತಂಗಿಯ ಮುಂದೆ ಇಟ್ಟ. ಡಾಕ್ಟರು ಅಚ್ಚಿನ ಹಾಳೆಯನ್ನು ಅವಳ ಕಡೆ ತಳ್ಳಿದರು.

ಕೆತ್ತಿದವರು ಎಂಬಲ್ಲಿ ಕಂಪನಿಯ ಹೆಸರಿತ್ತು. ಅದನ್ನು ಅವಳು ಹೊಡೆದುಹಾಕಿದಳು. ಸಾವಿರಾರು ಜನರ ಹೆಸರು ಕೆತ್ತಿ ಹೊಟ್ಟೆ ಹೊರೆದ ಆ ಕೈ ತಾತನ ಹೆಸರು ಬರೆದದ್ದು ಅದೇ ಮೊದಲು. ಅದರ ಕೆಳಗೆ, ಕೈವಾರದ ಎಡಗಾಲು ತಪ್ಪಾಗಿ ಕೆಳಗಿದೆ, ಇವರು ಕೆತ್ತಿದ ಹದಿನೈದು ಪದಕಗಳಲ್ಲೂ ಹಾಗೇ ಇದೆ ಎಂದು ಬರೆದಳು. ಬರೆದು, ಪೆನ್ನಿನ ಮುಚ್ಚಳ ಹಾಕಿ ಅಣ್ಣನ ಕೈಗೆ ಕೊಟ್ಟಳು.