ಹದಿನೈದು ಸೆಕೆಂಡಿನ ಬಣ್ಣ

ಬದನೆಕಾಯಿ ಬಣ್ಣ, ಅಲ್ಲ, ಬದನೆಕಾಯಿಗೆ ಹೊಳಪಿದೆ, ಇದು ನೇರಳೆಹಣ್ಣು ತಿಂದ ನಾಲಗೆಯ ಬಣ್ಣ, ಆ ಬಣ್ಣ ಹತ್ತಿದ ಕಡ್ಡಿಯನ್ನು ಎರಡು ಬೆರಳಲ್ಲಿ ಹಿಡಿದು ಜಯಾ ಆಸ್ಪತ್ರೆಯ ಶೌಚಾಲಯದಿಂದ ಬರುತ್ತಿದ್ದಾಳೆ, ಹಚ್ಚಿದ ಊದಿನಕಡ್ಡಿ ಆರಬಾರದೆಂದು ನಡೆಯುವವರ ಹಾಗೆ, ನೋಡ್ರಿ ಅಕ್ಕಾರ, ಡಬ್ಬಿ ಮ್ಯಾಲಿನ ಕಡೀ ಬಣ್ಣ ಬಂದೈತಿ, ಅವಳ ಹಿಂದೆ ಮಗಳು ಸೃಷ್ಟಿ ಒಂಟಿ ಕಾಲಲ್ಲಿ ಕುಪ್ಪಳಿಸುತ್ತ, ಹಾಸುಗಲ್ಲಿನ ಗೆರೆ ತುಳಿಯದೆ — ಮೇ ತಿಂಗಳಲ್ಲಿ ಇದೇ ಹುಡುಗಿ ಇದೇ ಬೆಂಚಿನ ಮೇಲೆ ಮೂರ್ಛೆ ಬಂದು ದಿನಕ್ಕೆ ಇಪ್ಪತ್ತು ಸಲ ತಲೆ ಜೋತು ಬೀಳುತ್ತಿದ್ದವಳು, ಹಣೆಯಲ್ಲಿ ಹೊಲಿಗೆ ಹಾಕಿಸಿಕೊಂಡವಳು. ಕಡ್ಡಿ ನನ್ನದು. ಮುಂಬೈಯಿಂದ ತರಿಸಿದ ನನ್ನ ಡಬ್ಬಿಯದು, ಕತ್ತರಿಯಿಂದ ಉದ್ದಕ್ಕೆ ಸೀಳಿದರೆ ಐವತ್ತು ಕಡ್ಡಿ ನೂರಾಗುತ್ತವೆ ಎಂದು ತೋರಿಸಿ ಅರ್ಧ ಕೊಟ್ಟವಳು ನಾನೇ, ಮೂತ್ರದಲ್ಲಿ ಅದ್ದು, ಹದಿನೈದು ಸೆಕೆಂಡು ಎಣಿಸು, ಬಿಳಿಚಿದರೆ ಮೈ ಸಕ್ಕರೆ ಸುಡುತ್ತಿದೆ, ನೇರಳೆಯಾದರೆ ಕೊಬ್ಬು ಸುಡುತ್ತಿದೆ, ಕೊಬ್ಬು ಸುಟ್ಟಾಗ ಹುಟ್ಟುವ ಕೀಟೋನಿನಿಂದ ಮಿದುಳಿನ ಮಿಂಚು ತಣಿಯುತ್ತದೆ, ಹೇಗೆಂದು ಡಾಕ್ಟರಿಗೂ ಪೂರ್ತಿ ಗೊತ್ತಿಲ್ಲ, ಅವರೇ ಹೇಳಿದ್ದು. ಬೆಳಿಗ್ಗೆ ಕೆಲಗೇರಿಯ ಮನೆಯಲ್ಲಿ ರೋಹಿತನದನ್ನೂ ಅದ್ದಿದ್ದೆ. ಅದೇ ನೇರಳೆ. ಇಷ್ಟೇ ಗಾಢ, ಬೇಕಿದ್ದರೆ ಪಕ್ಕಕ್ಕೆ ಹಿಡಿದು ನೋಡಲಿ ಯಾರಾದರೂ. ಆದರೆ ಧಾರವಾಡದಿಂದ ಹುಬ್ಬಳ್ಳಿಗೆ ಬರುವಷ್ಟರಲ್ಲಿ ಬಸ್ಸಿನಲ್ಲಿ ನನ್ನ ಮಗನ ತಲೆ ಎರಡು ಸಲ ಜೋತಿತು, ಮುಂದಿನ ಸೀಟಿನ ಕಂಬಿಗೆ ನನ್ನ ಅಂಗೈ ಅಡ್ಡ ಕೊಟ್ಟಿದ್ದೆ, ಬೆರಳ ಗಂಟು ಇನ್ನೂ ನೋಯುತ್ತಿದೆ, ಮತ್ತು ಇವಳು ಬೆಂಚಿನ ಮೇಲೆ ನನ್ನ ಪಕ್ಕ ಕೂತು, ಎಂಬತ್ತಾರು ದಿನ ಆತ್ರಿ, ಒಂದೂ ಬಂದಿಲ್ಲ, ಇವತ್ತ ಒಂದ ಗುಳಿಗಿನೂ ಬಿಡಿಸಿದ್ರು, ಸಾಲಿಗೆ ಹಚ್ಚರಿ ಅಂದ್ರು, ನಿಮ್ಮ ಹುಡುಗಗ ಇನ್ನೂ ಬರತಾವೇನ್ರಿ? ಬರುತ್ತವೆ. ಏಪ್ರಿಲ್‌ನಲ್ಲಿ ಮುನ್ನೂರ ಹತ್ತು, ಜುಲೈಯಲ್ಲಿ ಇನ್ನೂರ ಹದಿನಾಲ್ಕು, ನೂರಕ್ಕೆ ಮೂವತ್ತೊಂದು ಕಡಿಮೆ, ಅರ್ಧಕ್ಕಿಂತ ಹೆಚ್ಚು ಇಳಿಯದಿದ್ದರೆ ಮೂರು ತಿಂಗಳಿಗೆ ಈ ಕೊಬ್ಬಿನ ಪಥ್ಯ ನಿಲ್ಲಿಸೋಣ ಎಂದಿದ್ದಾರೆ ಡಾಕ್ಟರು, ಶುರುವಾದದ್ದು ಮೇ ಹತ್ತಕ್ಕೆ, ಇವತ್ತು ಆಗಸ್ಟ್ ಒಂಬತ್ತು, ಮೂರು ತಿಂಗಳು. ಹೌದು ಜಯಾ, ಸ್ವಲ್ಪ ಕಮ್ಮಿ ಆಗ್ಯಾವ, ಎಂದೆ.

ಒಂದೇ ದಿನ ಸೇರಿಸಿದ್ದರು ಇಬ್ಬರನ್ನೂ, ಅಕ್ಕಪಕ್ಕದ ಮಂಚ, ಎರಡು ದಿನ ಉಪವಾಸ ಕೆಡವಿ ಆಮೇಲೆ ಶುರು, ನಾಲ್ಕು ಪಾಲು ಕೊಬ್ಬಿಗೆ ಒಂದು ಪಾಲು ಉಳಿದದ್ದು, ದಿನಕ್ಕೆ ನೂರಿಪ್ಪತ್ತು ಗ್ರಾಂ ಬೆಣ್ಣೆ-ಎಣ್ಣೆಯ ಕೊಬ್ಬು, ಅನ್ನ ಇಲ್ಲ ರೊಟ್ಟಿ ಇಲ್ಲ, ಪಿಷ್ಟ ಸಕ್ಕರೆ ಎರಡೂ ಕೂಡಿ ಹತ್ತು ಗ್ರಾಂ, ಮಲ ಕಟ್ಟಬಹುದು, ಮೂತ್ರಪಿಂಡದಲ್ಲಿ ಹರಳಾಗಬಹುದು, ಎತ್ತರ ಕುಂಠಿತವಾಗಬಹುದು, ಹತ್ತರಲ್ಲಿ ಐದು ಮಕ್ಕಳಿಗೆ ಗುಣ ಕಾಣುತ್ತದೆ, ಒಂದಿಬ್ಬರಿಗೆ ಪೂರ್ತಿ ನಿಲ್ಲುತ್ತದೆ, ಎಂದು ಡಾಕ್ಟರು ಎರಡು ಮಂಚಗಳ ನಡುವೆ ನಿಂತು ಹೇಳುವಾಗ ನಾನು ಬರೆದುಕೊಂಡೆ, ಆ ಒಂದಿಬ್ಬರ ಕೆಳಗೆ ಗೆರೆ ಎಳೆದೆ, ಜಯಾ ಬರೀ ತಲೆಯಾಡಿಸಿದಳು, ಆಮೇಲೆ ನನ್ನ ಕಡೆ ಬಗ್ಗಿ, ಏನಂದ್ರ್ರೀ ಅಕ್ಕಾರ? ನಾನೇ ಹೇಳಿಕೊಟ್ಟೆ, ಗಣಿತದ ಟೀಚರ್ ಅಲ್ಲವೇ, ರಜೆ ಹಾಕಿ ಕೂತ ಟೀಚರ್. ನಮ್ಮ ಮನೆಯವರು ಕಾಲೇಜಿನ ಲ್ಯಾಬಿನಿಂದ ಗಾಜಿನ ಪೆಟ್ಟಿಗೆಯ ತಕ್ಕಡಿ ತಂದರು, ಹನ್ನೆರಡೂವರೆ ಗ್ರಾಂ ಗಜ್ಜರಿ, ಹನ್ನೆರಡೂವರೆ ಅಂದರೆ ಹನ್ನೆರಡೂವರೆ, ಬಟ್ಟಲಿಗೆ ಹತ್ತಿದ ಬೆಣ್ಣೆಯನ್ನು ಬೆರಳಿಂದ ಬಳಿದು ಅವನ ಬಾಯಿಗೆ ಇಟ್ಟಿದ್ದೇನೆ, ಅವನು ಅಳುತ್ತ ನುಂಗಿದ್ದಾನೆ, ತತ್ತಿ ಕೊಡಿ ಎಂದು ಡಾಕ್ಟರು ಅಂದದ್ದಕ್ಕೆ, ಮೊಟ್ಟೆ ಎಂಬ ಮಾತೂ ಸುಳಿಯದ ಮನೆಯ ಮಾಳಿಗೆ ಹತ್ತಿ ಸ್ಟೋವ್ ಹಚ್ಚಿದ್ದೇನೆ, ಕೆಳಗಿನಿಂದ ಅತ್ತೆ ಗೋದಾಬಾಯಿ, ವೃಂದಾ, ಆಜುಬಾಜುದವರ ಮನ್ಯಾಗ ಏನೋ ಹೊತ್ತಿದ ವಾಸನಿ ಬರಲಿಕ್ಕೆ ಹತ್ತದ, ಎಂದು ನಾಲ್ಕು ದಿನ, ಐದನೆಯ ದಿನ, ಆರಿ ಹೋಗ್ತದ, ಲಗೂ ತಿನಸವಾ ಹುಡುಗಗ. ಮತ್ತು ಇವಳು! ತಕ್ಕಡಿ ಮೂಲ್ಯಾಗ ಇಟ್ಟೇನ್ರಿ ಅಕ್ಕಾರ, ಈಗ ಕೈಗೇ ಗೊತ್ತಾಗ್ತೈತಿ, ಇಷ್ಟ ಬೆಣ್ಣಿ, ಇಷ್ಟ ತತ್ತಿ, ನಮ್ಮವರು ನಗತಾರ, ಯಾರ್ಡನ್ಯಾಗ ದಿನಾ ಕ್ವಿಂಟಲ್ ತೂಗಾಂವ ನಾನು, ಮನ್ಯಾಗ ನೀ ಗುಲಗಂಜಿ ತೂಗ್ತಿ ಅಂತ. ಅಂದಾಜು. ಅಮರಗೋಳದ ಮಾರ್ಕೆಟ್ ಯಾರ್ಡಿನ ಹಿಂದಿನ ಎರಡು ಖೋಲಿಯಲ್ಲಿ ಕೈ ಅಂದಾಜಿನ ಮೇಲೆ ಎಂಬತ್ತಾರು ದಿನ. ಲೆಕ್ಕ ಸರಿಯಿದ್ದವರಿಗೆ ಉತ್ತರ ತಪ್ಪು, ಲೆಕ್ಕವೇ ಮಾಡದವರಿಗೆ ಉತ್ತರ ಸರಿ, ಇಂಥ ಪೇಪರು ನಾನು ತಿದ್ದಿದ್ದರೆ ನಕಲು ಹೊಡೆದಿದ್ದಾಳೆಂದು ಸೊನ್ನೆ ಹಾಕುತ್ತಿದ್ದೆ, ಸೃಷ್ಟಿ ಕುಪ್ಪಳಿಸುತ್ತಿದ್ದಾಳೆ, ಒಂಬತ್ತು ಕಲ್ಲು, ಹತ್ತು ಕಲ್ಲು, ರೋಹಿತ ನನ್ನ ಸೆರಗು ಹಿಡಿದು ಅವಳ ಕಾಲನ್ನೇ ನೋಡುತ್ತಿದ್ದಾನೆ, ಬೀಳಲಿ, ಎಂದಿತು ಒಳಗೆ ಏನೋ, ಒಂದೇ ಒಂದು ಸಲ, ಇಲ್ಲೇ, ನನ್ನ ಕಣ್ಣೆದುರಿಗೆ. ಬೀಳಲಿಲ್ಲ, ಕೆಮ್ಮಿದಳು.

ರಾತ್ರಿಯೆಲ್ಲಾ ಕೆಮ್ಮ್ಯಾಳ್ರಿ, ಎಂದು ಜಯಾ ಚೀಲದಿಂದ ಬಾಟಲಿ ತೆಗೆದಳು, ಕೆಂಪು ಔಷಧ, ನಮ್ಮ ಓಣ್ಯಾಗಿನ ಡಾಕ್ಟರು ಬರದಾರ, ಇನ್ನೂ ಹಾಕಿಲ್ಲ, ದೊಡ್ಡ ಡಾಕ್ಟರಿಗೆ ತೋರಸಬೇಕಂತ ತಂದು ಖುಷ್ಯಾಗ ಮರತ ಬಂದ್ನಿ, ಈಗ ಮತ್ತ ಒಳಗ ಹೋದ್ರ ಮಡಿವಾಳಪ್ಪ ಬೈತಾನ, ನೀವ ಓದಿ ಹೇಳ್ರಿ, ಹಾಕ್ಲ್ಯಾ? ಹೆಸರು ಕರೆಯುವ ಮಡಿವಾಳಪ್ಪ ಬಾಗಿಲಲ್ಲಿ ಸ್ಟೂಲಿನ ಮೇಲೆ ತೂಕಡಿಸುತ್ತಿದ್ದ, ಬೈಯುವ ಹಾಗೇನೂ ಇರಲಿಲ್ಲ. ಬಾಟಲಿ ತಿರುಗಿಸಿದೆ. ಇಂಗ್ಲಿಷಿನಲ್ಲಿ, ಅಕ್ಕಿಕಾಳಿಗಿಂತ ಸಣ್ಣ ಅಕ್ಷರ, ಕೊನೆಯ ಸಾಲು, ಬಣ್ಣ ಬೆರೆಸಿದ ಸಕ್ಕರೆ ಪಾಕ. ಆ ಸಾಲನ್ನು ಹುಡುಕಬೇಕಾಗಿರಲಿಲ್ಲ ನನಗೆ, ಅದು ಎಲ್ಲಿರುತ್ತದೆಂದು ಗೊತ್ತು, ಜೂನ್‌ನಲ್ಲಿ ರೋಹಿತನಿಗೆ ಒಂಬತ್ತು ದಿನ ಒಂದೂ ಬಂದಿರಲಿಲ್ಲ, ಒಂಬತ್ತು ದಿನ ನಾನೂ ಜಯಾಳ ಹಾಗೆ ನಡೆದಾಡಿದ್ದೆ, ಹತ್ತನೆಯ ದಿನ ಕೆಮ್ಮಿಗೆ ಇಂಥದೇ ಸಿರಪ್, ಎರಡು ಚಮಚ, ಸಂಜೆಗೆ ಕಡ್ಡಿ ಬಿಳಿಚಿತು, ಮರುದಿನ ಬೆಳಿಗ್ಗೆ ಹನ್ನೊಂದು ಸಲ ತಲೆ ಜೋತಿತು, ಎರಡು ದಿನಕ್ಕೆ ಕಡ್ಡಿ ಮತ್ತೆ ನೇರಳೆಗೆ ತಿರುಗಿತು, ತಲೆ ಮಾತ್ರ ಜೋಲುತ್ತಲೇ ಇದೆ. ಒಂದು ಚಮಚಕ್ಕೆ ಸುಮಾರು ಮೂರು ಗ್ರಾಂ ಸಕ್ಕರೆ. ದಿನದ ಹತ್ತರಲ್ಲಿ ಮೂರು. ನನಗೆ ಯಾರು ಹೇಳಿದ್ದರು? ಯಾರೂ ಹೇಳಿರಲಿಲ್ಲ, ಭೂತಗನ್ನಡಿ ಹಿಡಿದು ನಾನೇ ಓದಿಕೊಂಡೆ, ಆಮೇಲೆ. ಜಯಾ ನನ್ನ ಮುಖ ನೋಡುತ್ತಿದ್ದಾಳೆ, ಅವಳ ಮಡಿಲಲ್ಲಿ ಕರವಸ್ತ್ರದ ಮೇಲೆ ಆ ಕಡ್ಡಿ, ಇನ್ನೂ ಬಿಸಾಡಿಲ್ಲ, ಗಂಡನಿಗೆ ತೋರಿಸಲು ಒಯ್ಯುತ್ತಾಳೇನೋ, ನೇರಳೆ, ಮೆತ್ತಗಿನ, ಕಣ್ಣಿಗೆ ಚುಚ್ಚುವ ನೇರಳೆ. ಹಾಕು, ಏನಾಗೂದಿಲ್ಲ, ಎಂದೆ. ನನ್ನ ದನಿ ಹೇಗಿತ್ತೆಂದರೆ ತರಗತಿಯಲ್ಲಿ ಇರುವ ಹಾಗೇ ಇತ್ತು. ನೀವ ಅಂದ್ರ ಮುಗೀತ್ರಿ, ಎಂದು ಬಾಟಲಿ ಚೀಲಕ್ಕೆ ಹಾಕಿದಳು, ಟೆಂಪೋ ತಪ್ಪುತೈತಿ ಬರತೇನ್ರಿ, ರೋಹಿತಂದು ಏನಂದ್ರು ಫೋನ್ ಮಾಡ್ರಿ ಮತ್ತ, ನಮ್ಮವರು ತೂಗೋ ಅಡತಿ ಅಂಗಡಿ ನಂಬರ್ ಐತೆಲ್ಲ ನಿಮ್ಮ ಹಂತೇಕ, ಸೃಷ್ಟಿ ರೋಹಿತನಿಗೆ ಟಾಟಾ ಮಾಡಿದಳು, ಗೇಟಿನವರೆಗೂ ಕುಪ್ಪಳಿಸುತ್ತಲೇ ಹೋದಳು, ಮತ್ತು ನಾನು ಕೂಗಬಹುದಿತ್ತು, ಗೇಟು ನಲವತ್ತು ಹೆಜ್ಜೆಯೂ ಇಲ್ಲ.

ಕೆಲಗೇರಿ ರೋಹಿತ ಯಾರ್ರಿ, ಬರ್ರಿ ಲಗೂ, ಮಡಿವಾಳಪ್ಪ, ಆಗ ಹನ್ನೆರಡೂಕಾಲು. ಡಾಕ್ಟರು ನನ್ನ ನೋಟ್‌ಬುಕ್ಕನ್ನು ಒಂದೊಂದೇ ಪುಟ ತಿರುಗಿಸಿದರು, ಇಷ್ಟ ಛಲೋ ಬರದಿಟ್ಟವರನ್ನ ನಾ ನೋಡಿಲ್ರಿ, ಎಂದರು, ಆಗಲೇ ಗೊತ್ತಾಯಿತು, ನಪಾಸಾದವರಿಗೆ ನಾನೂ ಅಕ್ಷರ ಚೆನ್ನಾಗಿದೆ ಎನ್ನುತ್ತಿದ್ದೆ. ತೂಕ ಎಂಟುನೂರು ಗ್ರಾಂ ಇಳಿದಿದೆ, ಮೂತ್ರದಲ್ಲಿ ಹರಳಿನ ಕಣ ಬಂದಿವೆ, ಗುಣಕ್ಕಿಂತ ತ್ರಾಸೇ ಹೆಚ್ಚು, ಬಿಡೋಣ, ಒಮ್ಮೆಲೇ ಅಲ್ಲ, ನಾಲ್ಕಕ್ಕೆ ಒಂದಿದ್ದದ್ದು ಮೂರಕ್ಕೆ, ಆಮೇಲೆ ಎರಡಕ್ಕೆ. ಜೂನಿನ ಸಿರಪ್ಪಿನಿಂದ ಹೀಗಾಯಿತೇ ಎಂದು ಕೇಳಿದೆ, ಮೂರನೆಯ ಸಲ ಕೇಳುತ್ತಿದ್ದೇನೆ, ಇಲ್ಲರಿ, ಎಂದರು, ನಿಮ್ಮ ತಪ್ಪಿಲ್ಲ, ಕೆಲವು ಹುಡುಗರಿಗೆ ಈ ಪಥ್ಯ ಹತ್ತಂಗಿಲ್ಲ, ಅಷ್ಟ, ಹೌದು, ಪೂರ್ತಿ ನಿಂತವರಿಗೆ ಸಕ್ಕರಿ ಹೋದ್ರ ಅಂಜಿಕಿ, ಒಂದ ಚಮಚದಾಗ ಮತ್ತ ಫಿಟ್ಸ್ ಶುರುವಾದ ಕೂಸುಗಳನ್ನ ನೋಡೇನಿ, ಅಂಥಾದ್ರಾಗ ಆ ಹುಡುಗಿದು ಒಂದ ಗುಳಿಗಿ ಇವತ್ತ ಬಿಡಿಸೇನಿ. ಯಾವ ಹುಡುಗಿ ಎಂದು ಕೇಳಲಿಲ್ಲ ನಾನು. ಹೊರಗೆ ಬಂದಾಗ ರೋಹಿತ, ಅಮ್ಮಾ, ಇನ್ನ ಜೋಳದ ಭಕ್ಕರಿ ತಿನ್ನಬಹುದಾ, ಅವನ ಮುಖದಲ್ಲಿ ಮೂರು ತಿಂಗಳಲ್ಲಿ ಕಾಣದ ನಗೆ, ತಿನ್ನಬಹುದು ರಾಜಾ, ನಿಧಾನಕ್ಕ, ಮತ್ತು ತಲೆ ಜೋತಿತು, ನಗುತ್ತಿರುವಾಗಲೇ, ಹಿಡಿದುಕೊಂಡೆ.

ಗೌಸಸಾಬನ ಎಸ್‌ಟಿಡಿ ಬೂತು ಆಸ್ಪತ್ರೆಯ ಎದುರಿಗೇ, ಒಂದು ಗಂಟೆ ಹತ್ತು ನಿಮಿಷ, ಕುಂದರ್ರಿ ಅಕ್ಕಾ, ಲೈನ್ ಸಿಗತೈತಿ, ಕೂಸಿನ್ನ ಇತ್ತಾಗ ಕೂಡಸ್ರಿ, ಗಾಜಿನ ಬಾಗಿಲಾಚೆ ರೋಹಿತ ಸ್ಟೂಲಿನ ಮೇಲೆ, ಗಾಜಿಗೆ ಮೂಗು ಒತ್ತಿ. ಯಾರ್ರಿ? ಜಯಾ? ತೂಕದ ವಿನೋದನ ಹೆಂಡ್ತ್ಯೇನ್ರಿ, ಹಿಡ್ಕೊಂಡಿರ್ರಿ, ಕರೀತೇವಿ — ರಿಸೀವರಿನಲ್ಲಿ ಹರಾಜಿನ ಕೂಗು, ಮೀಟರಿನ ಮೇಲೆ ಕೆಂಪು ಅಂಕಿ, ಏನು ಹೇಳಲಿ, ತಪ್ಪು ಓದಿದೆ ಎನ್ನಲೇ, ದಶಮಾಂಶದ ಚುಕ್ಕೆಯನ್ನೂ ತಪ್ಪದ ನಾನು, ಇನ್ನೂ ಹಾಕಿರಲಿಕ್ಕಿಲ್ಲ, ಮನೆ ಮುಟ್ಟಿ ಕೈಕಾಲು ತೊಳೆದು, ಓಡಿ ಬಂದ ಏದುಸಿರು, ಅಕ್ಕಾರ? ರೋಹಿತಂದು ಏನಂದ್ರ್ರೀ? ಬಿಡಸ್ಯಾರ, ಎಂದೆ. ಅಯ್ಯ ನಮ್ಮವ್ವ, ಎಂದಳು ಜಯಾ, ಆಮೇಲೆ ಮೂಗು ಎಳೆದುಕೊಂಡಳು, ಅಳುತ್ತಿದ್ದಾಳೆ, ನನ್ನ ಮಗನಿಗಾಗಿ ಹರಾಜಿನ ಗದ್ದಲದ ನಡುವೆ ನಿಂತು ಅಳುತ್ತಿದ್ದಾಳೆ, ನಾ ನಾಳೆ ಬರ್ಲ್ಯಾ ಮನಿಗೆ, ಒಬ್ಬರ ಕುಂತು ವಿಚಾರ ಮಾಡಬ್ಯಾಡ್ರಿ. ಜಯಾ, ಆ ಔಷಧ. ಹಾಕಿದ್ನಿರಿ ಬಂದ ಕೂಡ್ಲೇ, ನೀವ ಹೇಳಿದ್ರೆಲ್ಲಾ, ಕೆಮ್ಮು ತಗ್ಗಿ ಮಕ್ಕೊಂಡಾಳ. ಇನ್ನ ಹಾಕಬ್ಯಾಡ, ಅದರಾಗ ಸಕ್ಕರಿ ಅದ, ಡಾಕ್ಟರಿಗೆ ಈಗಿಂದೀಗ ಹೇಳತೇನಿ ನಾ, ಎಂದೆ, ಹೇಳಿಬಿಟ್ಟೆ, ಕೆಂಪು ಅಂಕಿ ಏರುತ್ತಿದೆ. ನೀವ ಓದಿದ್ರೆಲ್ರೀ, ಎಂದಳು ಜಯಾ. ಬೈಗುಳವಲ್ಲ, ಅನುಮಾನವೂ ಅಲ್ಲ, ಗೊತ್ತಾಗದ್ದನ್ನು ಯಾವಾಗಲೂ ಕೇಳುವ ಅದೇ ದನಿ, ನಾನು ಉತ್ತರ ಕೊಡಬೇಕು, ಯಾವಾಗಲೂ ಕೊಟ್ಟಿದ್ದೇನೆ. ಕಡ್ಡಿ ಅದ್ದಿ ನೋಡಿ ಬರತೇನ್ರಿ, ಇಡಬ್ಯಾಡ್ರಿ ಫೋನ್, ರಿಸೀವರು ಮೇಜಿನ ಮೇಲೆ ಟಕ್ಕೆಂದಿತು, ಕಾಲಿನ ಸಪ್ಪಳ ದೂರವಾಯಿತು, ಅಂಗಳ ದಾಟಿ ಓಣಿ, ಓಣಿ ದಾಟಿ ಮನೆ, ನಿದ್ದೆಯಲ್ಲಿರುವ ಹುಡುಗಿಯನ್ನು ಎಬ್ಬಿಸಿ, ಮಲಗಿದ್ದಾಳೋ ಅಥವಾ — ಕಡ್ಡಿ ಈಗಲೇ ಬಿಳಿಚುತ್ತದೋ ಸಂಜೆಗೋ, ನನ್ನ ನೋಟ್‌ಬುಕ್ಕಿನಲ್ಲಿ ಅದು ಇಲ್ಲ, ಅದ್ದಿರುತ್ತಾಳೆ ಈಗ, ನಾನು ಸೀಳಿಕೊಟ್ಟ ಅರ್ಧ ಕಡ್ಡಿ, ಅದರ ತುದಿಯ ಚೌಕ, ಎಣಿಸುತ್ತಿರುತ್ತಾಳೆ, ನಾನು ಕಲಿಸಿದ ಹಾಗೆ, ಹನ್ನೊಂದು, ಹನ್ನೆರಡು, ನೇರಳೆಯಾಗಲಿ ಎನ್ನಬೇಕು ನಾನು, ಹದಿಮೂರು, ಎನ್ನಬೇಕು, ಗಾಜಿನಾಚೆ ರೋಹಿತನ ತಲೆ, ಹದಿನಾಲ್ಕು, ಎನ್ನಬೇಕು, ನನ್ನ ಕಣ್ಣೊಳಗೆ ಬಿಳಿ ಚೌಕ, ಇನ್ನೂ ಬಿಳಿ, ಆ ಕಡ್ಡಿಯ ತುದಿ,