ರಾಜಿ ಮಾಡಿಸುವವಳ ಹೊಟ್ಟೆಕಿಚ್ಚು

ಕೋರ್ಟಿನ ಹಿಂಬದಿಯ ಕೋಣೆಯಲ್ಲಿ, ಜಗಳವಾಡಿ ಬಂದ ಗಂಡ-ಹೆಂಡಿರನ್ನು ಕೂರಿಸಿ ರಾಜಿ ಮಾಡಿಸುವುದು ಅವಳ ಕೆಲಸ. ಹದಿನೇಳು ವರ್ಷದಲ್ಲಿ ಎಷ್ಟೋ ಮನೆ ಉಳಿಸಿದ್ದಳು. ಗುಮಾಸ್ತರು 'ಸಂಧಾನದಕ್ಕ' ಎಂದೇ ಕರೆಯುತ್ತಿದ್ದರು. ಆದರೆ ಸ್ವಂತ ತಂಗಿ ಮನೆಗೆ ಬಂದ ನಾಲ್ಕೇ ದಿನಕ್ಕೆ ಅವಳ ಹೊಟ್ಟೆಯಲ್ಲಿ ಕೆಂಡ ಬಿದ್ದಿತ್ತು.

ಹಾಸಿಗೆ ಹಿಡಿದ ಅಮ್ಮನನ್ನು ಆರು ವರ್ಷದಿಂದ ನೋಡಿಕೊಂಡವಳು ಅವಳು. ಮಗ್ಗುಲು ಬದಲಿಸಿದ್ದು, ಮೈ ಒರೆಸಿದ್ದು, ಬೈಸಿಕೊಂಡದ್ದು ಎಲ್ಲಾ ಅವಳೇ. ದೂರದೂರಿನ ತಂಗಿ ಒಂದು ವಾರ ರಜೆ ಹಾಕಿ ಬಂದದ್ದೇ ತಡ, ಅಮ್ಮನ ಮುಖ ಅರಳಿಬಿಟ್ಟಿತು. ನಾಲ್ಕನೆಯ ದಿನ ಸಂಜೆ ಅಕ್ಕ ಕೆಲಸದಿಂದ ಬರುವಷ್ಟರಲ್ಲಿ ತಂಗಿ ಅಮ್ಮನ ಕೂದಲು ಕತ್ತರಿಸಿ ಕೈಗೆ ಕನ್ನಡಿ ಕೊಟ್ಟಿದ್ದಳು.

"ನೋಡೇ, ಹತ್ತು ವರ್ಷ ಚಿಕ್ಕವಳಾದೆ!" ಅಂದಳು ಅಮ್ಮ. "ನಿನಗಿದು ಯಾವತ್ತೂ ಹೊಳೀಲೇ ಇಲ್ವಲ್ಲ."

ಅಕ್ಕ ಅಡುಗೆಮನೆಗೆ ಹೋಗಿ ಪಾತ್ರೆ ಕುಕ್ಕತೊಡಗಿದಳು. ತಂಗಿ ಹಿಂದೆಯೇ ಬಂದಳು.

"ಏನಾಯ್ತೇ?"

"ಏನಿಲ್ಲ. ಬೆಣ್ಣೆ ಹಚ್ಚೋಕೆ ಒಂದು ವಾರ ಸಾಕು. ಹೇಲು ಬಳಿದೋಳು ನಾನು."

ತಂಗಿಯ ಮುಖ ಕೆಂಪಾಯಿತು. "ಫೋನ್ ಮಾಡಿದಾಗಲೆಲ್ಲ ಅಮ್ಮ ಏನಂತಾಳೆ ಗೊತ್ತಾ? 'ನಿನ್ನಕ್ಕ ಇರೋವಾಗ ನನಗೇನು ಭಯ, ನೀನ್ಯಾಕೆ ಬರ್ತೀಯ' ಅಂತಾಳೆ. ಕೇಳಿ ಕೇಳಿ ಮೈ ಉರಿದುಹೋಗಿದೆ. ಅವಳಿಗೆ ನಾನು ನೆಂಟರ ಲೆಕ್ಕ ಕಣೇ. ನೆಂಟರು ಬಂದ್ರೆ ಯಾರಾದ್ರೂ ನಗ್ತಾರೆ."

ಅಕ್ಕನಿಗೆ ಮೊದಲು ಆದದ್ದು ಮರುಕವಲ್ಲ, ಖುಷಿ. ಇವಳಿಗೂ ನನ್ನ ಮೇಲೆ ಹೊಟ್ಟೆಕಿಚ್ಚು! ಆಮೇಲೆ ನಾಚಿಕೆಯಾಯಿತು. ಕೋರ್ಟಿನಲ್ಲಿ ದಿನವೂ ಹೇಳುವ ಬುದ್ಧಿಮಾತುಗಳಲ್ಲಿ ಒಂದೂ ನಾಲಿಗೆಗೆ ಬರಲಿಲ್ಲ.

"ನನ್ನೆದುರಿಗೆ ಒಂದು ದಿನಾನೂ ಹಾಗಂದಿಲ್ಲ," ಅಂದಳು, ಕೈಯಲ್ಲಿದ್ದ ಪಾತ್ರೆ ಕೆಳಗಿಟ್ಟು.

ಒಳಗಿನಿಂದ ಅಮ್ಮ ಕೂಗಿದಳು: "ಜಗಳ ಆಡೋದಾದ್ರೆ ಇಲ್ಲೇ ಬಂದು ಆಡ್ರೇ, ನನಗೂ ಹೊತ್ತು ಹೋಗುತ್ತೆ!"

ಇಬ್ಬರಿಗೂ ನಗು ತಡೆಯಲಾಗಲಿಲ್ಲ.

ಹೊರಡುವ ಮುಂಚೆ ತಂಗಿ ಒಂದು ಕರಾರು ಹಾಕಿದಳು. ಮೂರು ತಿಂಗಳಿಗೊಮ್ಮೆ ತಾನು ಇಲ್ಲಿಗೆ ಬಂದಿರುವ ಹದಿನೈದು ದಿನ ಅಮ್ಮ ತನ್ನ ಪಾಲಿಗೆ. ಅಷ್ಟು ದಿನ ಅಕ್ಕ ಬೇರೆಲ್ಲಾದರೂ ಇರಬೇಕು. ಅಕ್ಕ ಒಲ್ಲದ ಮನಸ್ಸಿನಿಂದಲೇ ಒಪ್ಪಿದಳು. ಮೊದಲ ಸಲ ಗೆಳತಿಯ ಮನೆಯಲ್ಲಿ ಉಳಿದವಳು ಮೂರನೆಯ ದಿನಕ್ಕೇ ತಡೆಯಲಾರದೆ ಫೋನ್ ಮಾಡಿದಳು.

"ಅಮ್ಮ ಇವತ್ತು ಅರ್ಧ ಗಂಟೆ ಕುರ್ಚಿಯಲ್ಲಿ ಕೂತಿದ್ಲು ಗೊತ್ತಾ!" ಅಂದಳು ತಂಗಿ.

ಅಕ್ಕನ ಕೈಯಲ್ಲಿ ಅಮ್ಮ ಐದು ನಿಮಿಷವೂ ಕೂತಿರಲಿಲ್ಲ. ಎದೆಗೆ ಮುಳ್ಳು ಚುಚ್ಚಿದಂತಾಯಿತು. ಆದರೂ ಅಕ್ಕ, "ಬೆನ್ನಿಗೆ ಏನು ಕೊಟ್ಟು ಕೂರಿಸಿದೆ? ನಿಧಾನವಾಗಿ ಹೇಳು, ನಾನೂ ಕಲಿತ್ಕೋತೀನಿ," ಅಂದಳು.